ಕೀ ತೆಗೆದ ಮೇಲೂ

ಫೆಬ್ರವರಿ ೪

ಅಣ್ಣಾ,

ಬೆಟ್ಟದ ಮೇಲೆ ಕೂತು ಊರಿಗೆಲ್ಲ ಕರೆಂಟು ಕಳಿಸುತ್ತೀಯ, ಒಡಹುಟ್ಟಿದ ತಂಗಿಗೆ ಒಂದು ಕಾಗದ ಹಾಕಲು ಮಾತ್ರ ನಿನಗೆ ಕೈ ಬರುವುದಿಲ್ಲ. ಇರಲಿ, ಆ ಜಗಳ ಆಮೇಲೆ ಆಡುತ್ತೇನೆ. ಈಗ ನಿನ್ನಿಂದ ಕೆಲಸ ಆಗಬೇಕು.

ಕೋರ್ಟಿನ ಕಾಗದ ಬಂತು. ಏಳು ವರ್ಷ ಸುದ್ದಿಯೇ ಇಲ್ಲದ ಮನುಷ್ಯನನ್ನು ಸತ್ತವನೆಂದು ತಿಳಿಯಬಹುದಂತೆ. ಓದಿ ಮಡಿಸಿ ಬೀರುವಿನಲ್ಲಿಟ್ಟೆ. ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಕೆರೆ ರಸ್ತೆಯಲ್ಲಿ ಬಾಗಿಲು ತೆರೆದ ಕಾರು ಸಿಕ್ಕಿತು, ಸ್ವಿಚ್ಚಿನಲ್ಲಿ ಕೀ ಸಿಕ್ಕಿತು, ಓಡಿಸಿಕೊಂಡು ಹೋದ ನಮ್ಮವರು ಸಿಗಲಿಲ್ಲ. ನೀರೆಲ್ಲ ಜಾಲಾಡಿದರು, ಅಲ್ಲೂ ಸಿಗಲಿಲ್ಲ. ಸಿಗದವರನ್ನು ಸತ್ತರು ಎಂದು ಬರೆದುಕೊಡಲು ಇವರು ಯಾರು ಹೇಳು?

ಇನ್ನೊಂದು ಸುದ್ದಿ ಇದೆ, ಕೂತು ಓದು. ನಾನು ಕೆಲಸ ಮಾಡುವ ಆಸ್ಪತ್ರೆಯ ಎದುರಿಗೆ ಔಷಧಿ ಅಂಗಡಿಯಿದೆಯಲ್ಲ, ಆ ಅಂಗಡಿಯವರು ಮೊನ್ನೆ ಮಾತ್ರೆ ಎಣಿಸುತ್ತ ಎಣಿಸುತ್ತಲೇ, ತಲೆ ಎತ್ತದೆ, "ಸಿಸ್ಟರ್, ನಿಮಗೆ ಒಪ್ಪಿಗೆ ಇದ್ರೆ ನಾವಿಬ್ರೂ ಮದುವೆ ಆಗಬಹುದು" ಅಂದರು. ನನಗೇ, ಅಣ್ಣಾ! ಏನೂ ತೋಚದೆ "ನಮ್ಮ ಶೆಡ್ಡಲ್ಲಿರೋ ಕಾರು ಮೊದಲು ಓಡ್ಲಿ, ಆಮೇಲೆ ಹೇಳ್ತೀನಿ" ಅಂದುಬಿಟ್ಟೆ. ತಮಾಷೆಗೆ ಅಂದದ್ದು. ಆ ಪುಣ್ಯಾತ್ಮ ಅದನ್ನೇ ನಂಬಿ ಮಾರನೆಯ ದಿನ ಹೊಸ ಬ್ಯಾಟರಿ ಹೊತ್ತುಕೊಂಡು ಬಾಗಿಲಿಗೆ ಬಂದರು.

ಒಳ್ಳೆಯವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದೆ. ನನಗೆ ಅವರು ಬೇಡವೆಂದಲ್ಲ. ಆದರೆ ನಮ್ಮವರು ಎಲ್ಲೋ ಬದುಕಿದ್ದರೆ? ಬೇರೆಯವರ ಕೈ ಹಿಡಿದ ಮೇಲೆ ಒಂದು ದಿನ ಎದುರಿಗೆ ಬಂದು ನಿಂತರೆ ನಾನು ಯಾವ ಮುಖ ಇಟ್ಟುಕೊಂಡು ನೋಡಲಿ? ಅದೊಂದು ತಿಳಿಯದೆ ನಾನು ಹೂಂ ಅನ್ನಲಾರೆ, ಊಹೂಂ ಅನ್ನಲಾರೆ.

ಸರಿ, ಕಾರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಅಜ್ಜಿಯನ್ನು ಮರೆತಿಲ್ಲ ತಾನೆ, ಕೆರೆ ರಸ್ತೆಯಲ್ಲಿ ಸಿಕ್ಕಿದ ಅದೇ ಗೂನುಬೆನ್ನಿನ ಕರಿ ಕಾರು? ಅವತ್ತಿನಿಂದ ಶೆಡ್ಡಿನಲ್ಲೇ ನಿಂತಿದ್ದಳು. ಪೆಟ್ರೋಲ್ ಟ್ಯಾಂಕ್ ತೊಳೆದೆ, ಕಾರ್ಬುರೇಟರ್ ಬಿಚ್ಚಿ ಒರೆಸಿದೆ, ಪಾಯಿಂಟ್ ಉಜ್ಜಿದೆ. ಅಪ್ಪನ ಕಾರು ರಿಪೇರಿ ಅಂಗಡಿಯಲ್ಲಿ ಬೆಳೆದ ಕೈ, ಇನ್ನೂ ಮರೆತಿಲ್ಲ. ಬ್ಯಾಟರಿಯವನನ್ನು ಕರೆಸಿ ಅವರು ತಂದ ಬ್ಯಾಟರಿ ಹಾಕಿಸಿದೆ. ಅಜ್ಜಿ ಕೆಮ್ಮಿ ಕೆಮ್ಮಿ ಎದ್ದಳು! ಆದರೆ ಎಂಜಿನ್ ಎಷ್ಟು ಜೋರಾಗಿ ಓಡಿದರೂ ಡ್ಯಾಶಿನ ಕೆಂಪು ದೀಪ ಆರುವುದೇ ಇಲ್ಲ. ಚಾರ್ಜ್ ಆಗುತ್ತಿಲ್ಲ ಎಂಬಷ್ಟು ನನಗೂ ಗೊತ್ತು. ಮುಂದಿನದು ನೀನು ಹೇಳು.

ನಿನ್ನ ತಂಗಿ

ಫೆಬ್ರವರಿ ೧೫

ಪಟಾಕಿಗೆ ಆಶೀರ್ವಾದ.

ಇಲ್ಲಿಗೆ ಟಪಾಲು ವಾರಕ್ಕೊಮ್ಮೆ ಲಾರಿಯಲ್ಲಿ ಬರುತ್ತದೆ, ಲಾರಿಗೆ ಮನಸ್ಸಿದ್ದರೆ. ಅದಕ್ಕೂ ನನ್ನನ್ನೇ ಬೈಯಬೇಡ.

ಮೊದಲು ಬ್ಯಾಟರಿ ನೋಡು. ನಮ್ಮ ಅಜ್ಜಿಗೆ ಪ್ಲಸ್ ತಂತಿಯನ್ನು ಕಾರಿನ ಕಬ್ಬಿಣದ ಮೈಗೆ ಸೇರಿಸಬೇಕು. ಈಗಿನ ಕಾರುಗಳಿಗೆಲ್ಲ ಮೈನಸ್, ಹಾಗಾಗಿ ನಿನ್ನ ಬ್ಯಾಟರಿಯವನು ಖಂಡಿತ ಉಲ್ಟಾ ಹಾಕಿರುತ್ತಾನೆ. ತಿರುಗಿಸಿ ಹಾಕು. ಆಮೇಲೆ ಡೈನಮೋ. ಅದರ ಹೊಟ್ಟೆಯೊಳಗಿನ ಕಬ್ಬಿಣದಲ್ಲಿ ಹಿಂದಿನ ಓಟದ ಅಯಸ್ಕಾಂತ ಚೂರು ಉಳಿದಿರುತ್ತದೆ. ಅದೇ ಅದರ ನೆನಪು ಎಂದುಕೋ. ಅಷ್ಟಿದ್ದರೆ ಸಾಕು, ತಿರುಗಿಸಿದೊಡನೆ ಕರೆಂಟು ಹುಟ್ಟುತ್ತದೆ. ವರ್ಷಗಟ್ಟಲೆ ನಿಂತರೆ ಮರೆತುಬಿಡುತ್ತದೆ, ನಾವು ನೆನಪಿಸಬೇಕು. ಡೈನಮೋದ ಸಣ್ಣ ಟರ್ಮಿನಲ್ಲಿನ ತಂತಿ ಕಳಚು. ಬ್ಯಾಟರಿಯ ಮೈನಸ್‌ನಿಂದ ಒಂದು ತಂತಿ ಎಳೆದು ಆ ಟರ್ಮಿನಲ್ಲಿಗೆ ಮುಟ್ಟಿಸಿದ ಹಾಗೆ ಮಾಡಿ ತೆಗೆ. ಚಟ್ಟೆಂದು ಕಿಡಿ ಹಾರುತ್ತದೆ, ಹೆದರಬೇಡ. ನೀನೇನು ಹೆದರುವವಳೇ!

ನಿನ್ನ ಗಂಡನ ವಿಷಯ. ಏಳು ವರ್ಷ ಒಂದು ಸಾಲು ಬರೆಯದವನು ಬದುಕಿದ್ದರೂ ಸತ್ತಂತೆಯೇ. ನನ್ನ ಕೇಳಿದರೆ ಬದುಕಿಲ್ಲ. ಮಾತ್ರೆ ಎಣಿಸುವವರಿಗೆ ಹೂಂ ಅನ್ನು.

ಅಣ್ಣ

ಫೆಬ್ರವರಿ ೨೮

ಅಣ್ಣಾ,

ನಿನ್ನ ಬಾಯಿಗೆ ಸಕ್ಕರೆ ಹಾಕ! ಬ್ಯಾಟರಿ ಉಲ್ಟಾನೇ ಇತ್ತು. ತಿರುಗಿಸಿ, ಕಿಡಿ ಹಾರಿಸಿ, ಸ್ಟಾರ್ಟ್ ಮಾಡಿದರೆ ಕೆಂಪು ದೀಪ ಸದ್ದಿಲ್ಲದೆ ಆರಿತು. ಔಷಧಿ ಅಂಗಡಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೀದಿಯ ಸುತ್ತ ಒಂದು ಸುತ್ತು ಹಾಕಿದೆ. ಅವರು ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. "ಈಗ ಹೇಳ್ತೀರಾ?" ಅಂತ ಕೇಳಿದರು. "ನಾಳೆ" ಅಂದೆ. ನಿಜವಾಗಿಯೂ ಮಾರನೆಯ ದಿನ ಹೇಳುವ ಮನಸ್ಸಿತ್ತು.

ಮಾರನೆಯ ಬೆಳಿಗ್ಗೆ ಶೆಡ್ಡಿನ ಬೀಗ ತೆಗೆದು ಸೆಲ್ಫ್ ಹೊಡೆದರೆ ಉಸಿರೇ ಇಲ್ಲ. ಬ್ಯಾಟರಿ ಪೂರ್ತಿ ಸತ್ತಿದೆ. ಲೈಟು ಹಾಕಿಟ್ಟಿರಲಿಲ್ಲ, ಕೀ ನನ್ನ ದಿಂಬಿನ ಕೆಳಗಿತ್ತು. ಎಲ್ಲಾದರೂ ತಂತಿ ಕಳಚಿದೆಯೇ ಎಂದು ಬಾನೆಟ್ ಎತ್ತಿ ಕೈ ಆಡಿಸುತ್ತ ಹೋದೆ. ಎಂಜಿನ್ ತಣ್ಣಗಿತ್ತು. ರೇಡಿಯೇಟರ್ ತಣ್ಣಗಿತ್ತು. ಡೈನಮೋ ಮಾತ್ರ ಬೆಚ್ಚಗಿತ್ತು ಅಣ್ಣಾ. ಮಲಗಿದ್ದ ಮನುಷ್ಯರ ಮೈ ಮುಟ್ಟಿದ ಹಾಗೆ ಬೆಚ್ಚಗಿತ್ತು. ಕೈ ಹಿಂದಕ್ಕೆಳೆದುಕೊಂಡು ಮನೆಯೊಳಗೆ ಬಂದು ಕೂತೆ.

ಅವರಿಗೆ ಇನ್ನೂ ಏನೂ ಹೇಳಿಲ್ಲ.

ನಿನ್ನ ತಂಗಿ

ಮಾರ್ಚ್ ೯

ಪಟಾಕಿ,

ದೆವ್ವ ಗಿವ್ವ ಏನೂ ಅಲ್ಲ. ನರ್ಸಮ್ಮ ಆಗಿ ಹೆದರಿ ಕೂತರೆ ರೋಗಿಗಳ ಗತಿಯೇನು?

ಡೈನಮೋಗೂ ಬ್ಯಾಟರಿಗೂ ನಡುವೆ ಕಟ್‌ಔಟ್ ಅಂತ ಒಂದು ಪುಟ್ಟ ಪೆಟ್ಟಿಗೆ ಇದೆಯಲ್ಲ, ಅದು ಬಾಗಿಲು ಕಾಯುವವನಿದ್ದ ಹಾಗೆ. ಎಂಜಿನ್ ಓಡುವಾಗ ಬಾಗಿಲು ತೆಗೆದು ಕರೆಂಟನ್ನು ಬ್ಯಾಟರಿಗೆ ಬಿಡುತ್ತದೆ, ನಿಂತೊಡನೆ ಮುಚ್ಚುತ್ತದೆ. ಮುಚ್ಚದೆ ಅಂಟಿಕೊಂಡರೆ ಬ್ಯಾಟರಿಯ ಕರೆಂಟು ವಾಪಸ್ಸು ಡೈನಮೋಗೆ ಹರಿಯುತ್ತದೆ. ಡೈನಮೋ ತಿರುಗಲು ನೋಡುತ್ತದೆ, ಬೆಲ್ಟು ಬಿಡುವುದಿಲ್ಲ. ರಾತ್ರಿಯೆಲ್ಲ ತಿರುಗಲಾರದೆ ತಿಣುಕುತ್ತದೆ. ಆ ಬಿಸಿಯೇ ನಿನ್ನ ಕೈಗೆ ತಾಕಿದ್ದು.

ಖಾತ್ರಿ ಮಾಡಿಕೊಳ್ಳಲು ಒಂದು ದಾರಿಯಿದೆ. ಬ್ಯಾಟರಿ ಚಾರ್ಜ್ ಮಾಡಿಸಿ ಹಾಕು. ಸ್ಟಾರ್ಟ್ ಮಾಡದೆ ಬರೀ ಕೀ ತಿರುಗಿಸು. ಕೆಂಪು ದೀಪ ಹತ್ತಬೇಕು. ಹತ್ತದಿದ್ದರೆ ಕಟ್‌ಔಟ್ ಅಂಟಿಕೊಂಡಿದೆ ಎಂದೇ ಲೆಕ್ಕ. ಮುಚ್ಚಳ ತೆಗೆದು ಪಾಯಿಂಟುಗಳ ನಡುವೆ ಉಪ್ಪುಕಾಗದ ಎಳೆ, ಬಿಟ್ಟುಕೊಳ್ಳುತ್ತದೆ. ಆಮೇಲೆ ಆ ಮನುಷ್ಯನನ್ನು ಕಾಯಿಸದೆ ಒಂದು ಮಾತು ಹೇಳಿಬಿಡು.

ಅಣ್ಣ

ಮಾರ್ಚ್ ೨೦

ಅಣ್ಣಾ,

ಕೀ ತಿರುಗಿಸಿದೆ. ಕೆಂಪು ದೀಪ ಹತ್ತಲಿಲ್ಲ. ನೀನು ಹೇಳಿದ್ದು ಸರಿ ಎಂದು ಸಂತೋಷಪಟ್ಟು ಕಟ್‌ಔಟಿನ ಮುಚ್ಚಳ ತೆಗೆದೆ.

ಅಂಟಿಕೊಂಡಿರಲಿಲ್ಲ. ಪಾಯಿಂಟುಗಳು ಬಿಡದ ಹಾಗೆ ಯಾರೋ ಒಂದು ಬೆಂಕಿಕಡ್ಡಿ ಸಿಕ್ಕಿಸಿದ್ದರು. ತಲೆ ಕಚ್ಚಿ ತೆಗೆದ ಬೆಂಕಿಕಡ್ಡಿ.

ನಿನಗೆ ನೆನಪಿರಬೇಕು. ದಾರಿಯಲ್ಲಿ ಕಟ್‌ಔಟ್ ಕೈಕೊಟ್ಟಾಗ ಹೇಗಾದರೂ ಊರು ಸೇರಲು ಅಪ್ಪನ ಅಂಗಡಿಯವರು ಮಾತ್ರ ಮಾಡುತ್ತಿದ್ದ ಉಪಾಯ. ಬೇರೆ ಯಾವ ಮೆಕ್ಯಾನಿಕ್ಕೂ ಮಾಡಿದ್ದು ನಾನು ಕಂಡಿಲ್ಲ. ನಮ್ಮವರು ಕಡ್ಡಿಯ ತಲೆ ಕಚ್ಚಿ ಥೂ ಅಂತ ಉಗಿದು, ನನ್ನ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದರು. "ಆ ಮದ್ದು ಹೊಟ್ಟೆಗೆ ಹೋದ್ರೆ ಏನ್ರೀ ಗತಿ?" ಅಂತ ನಾನು ಬೈದರೆ "ನೀನು ನರ್ಸಲ್ವೇನೇ, ನೋಡ್ಕೋ" ಅನ್ನುತ್ತಿದ್ದರು.

ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಕಚ್ಚಿದ ಕಡೆ ಮರ ಇನ್ನೂ ಬೆಳ್ಳಗಿದೆ. ಅವರು ಹೋಗುವ ಮುಂಚೆ ಸಿಕ್ಕಿಸಿದ್ದೇ ಇರಬೇಕು, ಅಲ್ಲವಾ? ಅಷ್ಟು ವರ್ಷ ಮುಚ್ಚಳದೊಳಗೆ ಇದ್ದದ್ದಕ್ಕೆ ಬೆಳ್ಳಗೆ ಉಳಿದಿರಬೇಕು. ಹೌದು ಅಂತ ಬೇಗ ಬರೆ. ಕೈಮುಗಿದು ಕೇಳುತ್ತೇನೆ.

ನಿನ್ನ ತಂಗಿ

ಏಪ್ರಿಲ್ ೧೧

ತಂಗೀ,

ಬರೆಯಲು ತಡವಾಯಿತು. ಲಾರಿ ಬಂದು ಹೋಯಿತು, ನಾನೇ ಬರೆಯಲಿಲ್ಲ.

ಸುಳ್ಳು ಹೇಳಿ ನಿನ್ನನ್ನು ಸಮಾಧಾನ ಮಾಡಬಹುದಿತ್ತು. ಆದರೆ ನೀನು ಇವತ್ತಲ್ಲ ನಾಳೆ ಇದನ್ನು ನೀನೇ ಕಂಡುಕೊಳ್ಳುತ್ತೀಯ, ಆಗ ನನ್ನ ಮಾತನ್ನು ನಂಬುವುದಿಲ್ಲ. ನಿನ್ನ ಮೊದಲ ಕಾಗದ ನೋಡು. ಆಗ ಕೆಂಪು ದೀಪ ಆರುತ್ತಿರಲಿಲ್ಲ ಎಂದು ಬರೆದಿದ್ದೀಯ. ಕಡ್ಡಿ ಸಿಕ್ಕಿಸಿದ್ದರೆ ಆ ದೀಪ ಹತ್ತಲು ಸಾಧ್ಯವೇ ಇಲ್ಲ. ಅಂದರೆ ಆಗ ಕಡ್ಡಿ ಇರಲಿಲ್ಲ. ನೀನು ಅಜ್ಜಿಯನ್ನು ಓಡಿಸಿದ ದಿನಕ್ಕೂ ಮಾರನೆಯ ಬೆಳಿಗ್ಗೆಗೂ ನಡುವೆ ಯಾರೋ ಸಿಕ್ಕಿಸಿದ್ದಾರೆ.

ಕಡ್ಡಿಯನ್ನು ಒಲೆಗೆ ಹಾಕು. ಶೆಡ್ಡಿಗೆ ಹೊಸ ಬೀಗ ತಂದು ಹಾಕು, ಕೀಯನ್ನು ಯಾರ ಕೈಗೂ ಕೊಡಬೇಡ. ಬ್ಯಾಟರಿಯವನನ್ನು ಒಂದು ಮಾತು ಕೇಳಿ ನೋಡು.

ಅಣ್ಣ

ಏಪ್ರಿಲ್ ೨೪

ಅಣ್ಣಾ,

ಬ್ಯಾಟರಿಯವನನ್ನು ಕೇಳಿದೆ. "ಅಮ್ಮಾ, ಕಟ್‌ಔಟಿಗೆ ಬೆಂಕಿಕಡ್ಡೀನಾ? ನಾನ್ಯಾಕಮ್ಮ ಹಾಗೆಲ್ಲ ಮಾಡ್ಲಿ, ಕಾರು ಸುಟ್ಟುಹೋದ್ರೆ?" ಅಂದ. ಅವನ ಮುಖ ನೋಡಿದರೆ ಆ ಉಪಾಯ ಕೇಳಿದ್ದೇ ಅದೇ ಮೊದಲು. ಹೊಸ ಬೀಗ ಹಾಕಿದೆ. ಅದಕ್ಕೆ ಎರಡು ಕೀ, ಎರಡೂ ನನ್ನ ಕೊರಳ ಸರದಲ್ಲೇ ಇವೆ.

ನಿನ್ನೆ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಶೆಡ್ಡಿನ ಬಾಗಿಲು ತೆಗೆದೆ. ಒಳಗೆ ಕತ್ತಲು. ಆ ಕತ್ತಲಲ್ಲಿ ಕೆಂಪು ದೀಪ ಉರಿಯುತ್ತಿತ್ತು.

ಸ್ವಿಚ್ಚಿನಲ್ಲಿ ಕೀ ಇಲ್ಲ, ಕಾರಿನ ಕೀ ನನ್ನ ಕೈಯಲ್ಲಿದೆ, ಆದರೂ ದೀಪ ಉರಿಯುತ್ತಿದೆ. ಆಮೇಲೆ ಬಾನೆಟ್ ಎತ್ತಿದೆ. ಕಟ್‌ಔಟಿನಿಂದ, ಎಂಜಿನ್ನಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ಲಿಗೆ ಹೊಸ ತಂತಿ ಎಳೆದಿದೆ. ಮಧ್ಯದಲ್ಲಿ ಡ್ರೈವರ್ ಸೀಟಿನ ಕೆಳಗೆ ಒಂದು ಸಣ್ಣ ಸ್ವಿಚ್ಚು. ಅದನ್ನು ಎಳೆದರೆ ಕೀ ಇಲ್ಲದೆಯೇ ಕಾರು ಓಡುತ್ತದೆ. ಪರೀಕ್ಷೆ ಮಾಡಿದೆ. ಸ್ಟಾರ್ಟ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಂಡೆ, ಅಜ್ಜಿ ನಿಲ್ಲಲೇ ಇಲ್ಲ. ಆ ಸ್ವಿಚ್ಚನ್ನು ಒಳಕ್ಕೆ ಒತ್ತಿದ ಮೇಲೆಯೇ ನಿಂತಳು.

ಆ ಸ್ವಿಚ್ಚು ರಾತ್ರಿಯೆಲ್ಲ ಎಳೆದೇ ಇದ್ದಿದ್ದರೆ ಕಾಯಿಲ್ ಸುಡುವಷ್ಟು ಬಿಸಿಯಾಗಿ ಬ್ಯಾಟರಿ ಸತ್ತಿರಬೇಕಿತ್ತು. ಬ್ಯಾಟರಿ ಗಟ್ಟಿಯಾಗಿತ್ತು, ಕಾಯಿಲ್ ಉಗುರುಬೆಚ್ಚಗಿತ್ತು, ಅಷ್ಟೇ. ನಾನು ಬಾಗಿಲು ತೆಗೆಯುವುದಕ್ಕೆ ಸ್ವಲ್ಪ ಮುಂಚೆ ಯಾರೋ ಆ ಸ್ವಿಚ್ಚು ಎಳೆದಿದ್ದಾರೆ. ಬೀಗ ಹೊರಗಿನಿಂದ ಹಾಕಿದಂತೆಯೇ ಇತ್ತು.

ತಂತಿಯ ಜೋಡಣೆಗೆ ಬಟ್ಟೆ ಟೇಪು ಸುತ್ತಿದ್ದಾರೆ. ಎಡಕ್ಕೆ ಸುತ್ತಿದ್ದಾರೆ, ಕೊನೆಯನ್ನು ಮಡಿಸಿ ಒಳಗೆ ಸೇರಿಸಿದ್ದಾರೆ. ಬಹಳ ನೀಟಾದ ಕೆಲಸ.

ಕೀ ಇಲ್ಲದೆ ಓಡುವ ಹಾಗೆ ಕಾರನ್ನು ಯಾರು ಮಾಡಿಕೊಳ್ಳುತ್ತಾರೆ? ಕೀ ಇಲ್ಲದವರು ತಾನೆ? ಕೀ ಕೇಳಲು ನಾಚಿಕೆ ಇರುವವರು ತಾನೆ? ಬದುಕಿದ್ದಾರೆ ಅಣ್ಣಾ! ಹೇಗೆ ಬರುತ್ತಾರೋ, ಎಲ್ಲಿಂದ ಬರುತ್ತಾರೋ, ನನಗೆ ಬೇಡ. ಬದುಕಿದ್ದಾರೆ. ನಿನ್ನೆಯಿಂದ ನನಗೆ ಹಸಿವಿಲ್ಲ, ನಿದ್ದೆಯಿಲ್ಲ, ಆದರೂ ಹಾಡು ಗುನುಗುತ್ತಿದ್ದೇನೆ. ಔಷಧಿ ಅಂಗಡಿಯ ಮುಂದೆ ತಲೆ ತಗ್ಗಿಸಿಕೊಂಡು ಹೋಗುತ್ತೇನೆ. ತಂತಿ ಕೀಳಲು ಮನಸ್ಸು ಬರಲಿಲ್ಲ, ಹಾಗೇ ಬಿಟ್ಟಿದ್ದೇನೆ.

ನಿನ್ನ ತಂಗಿ

ಮೇ ೩

ನನ್ನ ಪಟಾಕಿ,

ಇದನ್ನು ನಿಧಾನವಾಗಿ ಓದು. ಓದಿ ಹರಿದುಹಾಕುವ ಮುಂಚೆ ಇನ್ನೊಂದು ಸಲ ಓದು.

ನಿನ್ನ ಗಂಡ ಬಲಗೈಯವನು. ಬಲಗೈಯವನು ಟೇಪು ಸುತ್ತಿದರೆ ಬಲಕ್ಕೆ ಸುತ್ತುತ್ತಾನೆ. ನಾನೂ ಹಾಗೆ, ಅಪ್ಪನೂ ಹಾಗೆ. ಅಪ್ಪನ ಅಂಗಡಿಯಲ್ಲಿ ಎಡಕ್ಕೆ ಸುತ್ತುತ್ತಿದ್ದ ಕೈ ಒಂದೇ ಒಂದು. ಆ ಎಡಗೈಯಿಂದಲೇ ನೀನು ನನಗೆ ಕಾಗದ ಬರೆಯುತ್ತಿದ್ದೀಯ.

ಬೆಂಕಿಕಡ್ಡಿ ಯಾರ ಉಪಾಯ? ಎರಡು ಜಡೆ ಹಾಕಿಕೊಂಡು ಅಪ್ಪನ ಬೆಂಚಿನ ಮೇಲೆ ಕೂತಿದ್ದ ನೀನೇ ಅದನ್ನು ಕಂಡುಹಿಡಿದದ್ದು. ಅಪ್ಪ ನಿನಗೆ ಬೈದು, ಆಮೇಲೆ ಬಂದಬಂದವರಿಗೆಲ್ಲ ಹೇಳಿಕೊಂಡು ಹಿಗ್ಗಿದರು. ಶೆಡ್ಡಿನ ಕೀ ನಿನ್ನ ಕೊರಳಲ್ಲಿದೆ. ಹೊರಗಿನಿಂದ ಬೀಗ ತೆಗೆದು, ಕೆಲಸ ಮುಗಿಸಿ, ಮತ್ತೆ ಬೀಗ ಹಾಕಿ ಬರಬಲ್ಲವರು ಯಾರು?

ಮಗುವಾಗಿದ್ದಾಗ ನೀನು ನಿದ್ದೆಯಲ್ಲಿ ಎದ್ದು ನಡೆಯುತ್ತಿದ್ದೆ. ಅಮ್ಮ ನಿನ್ನ ಲಂಗದ ಚುಂಗನ್ನು ತನ್ನ ಸೆರಗಿಗೆ ಗಂಟು ಹಾಕಿ ಮಲಗುತ್ತಿದ್ದಳು. ಕಾರು ಓಡಿದರೆ ಉತ್ತರ ಹೇಳುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ. ಉತ್ತರ ಹೇಳಲು ಎದೆ ಒಪ್ಪುತ್ತಿಲ್ಲ. ಹಗಲು ರಿಪೇರಿ ಮಾಡಿದ ಕೈಯೇ ನಿದ್ದೆಯಲ್ಲಿ ಕೆಡಿಸುತ್ತಿದೆ. ಇದರಲ್ಲಿ ತಪ್ಪೇನಿಲ್ಲ, ಹುಚ್ಚೂ ಅಲ್ಲ.

ಬ್ಯಾಟರಿ ಬಿಚ್ಚಿ ಔಷಧಿ ಅಂಗಡಿಯವರ ಹತ್ತಿರ ಇಡು. ಶೆಡ್ಡಿನ ಎರಡೂ ಕೀ ಅವರಿಗೇ ಕೊಡು. ಕೊಡುವಾಗ ಎಲ್ಲವನ್ನೂ ಹೇಳು. ಒಳ್ಳೆಯವರಾದರೆ ನಗುವುದಿಲ್ಲ.

ಅಣ್ಣ

ಮೇ ೧೪

ಅಣ್ಣಾ,

ನಿನ್ನ ಕಾಗದ ಓದಿ ಮೊದಲು ಹರಿದೆ. ನನ್ನನ್ನು ಹುಚ್ಚಿ ಅನ್ನುವುದಕ್ಕೆ ಇಷ್ಟು ಸುತ್ತು ಬಳಸಿ ಬರೆಯಬೇಕಾಗಿತ್ತಾ ಎಂದು ಗೋಡೆಗೆ ಬೈದೆ. ಆಮೇಲೆ ಚೂರುಗಳನ್ನು ಜೋಡಿಸಿಕೊಂಡು ಮತ್ತೆ ಓದಿದೆ.

ಟೇಪು ತಂದು ಒಂದು ತಂತಿಗೆ ಸುತ್ತಿ ನೋಡಿದೆ. ಶೆಡ್ಡಿನಲ್ಲಿದ್ದ ಜೋಡಣೆಯ ಪಕ್ಕದಲ್ಲಿ ಹಿಡಿದೆ. ಒಂದೇ ಕೈ. ಕೊನೆ ಮಡಿಸಿದ್ದೂ ಹಾಗೇ. ನನ್ನ ಕೈ ನಾನು ಹೇಳದ ಕೆಲಸ ಮಾಡುತ್ತದೆ ಎಂದು ಗೊತ್ತಾದ ಮೇಲೆ, ಆಸ್ಪತ್ರೆಯಲ್ಲಿ ಸೂಜಿ ಹಿಡಿಯಲೂ ಹೆದರಿಕೆಯಾಯಿತು. ಎರಡು ದಿನ ರಜೆ ಹಾಕಿ ಮನೆಯಲ್ಲಿ ಕೈ ಕಟ್ಟಿಕೊಂಡು ಕೂತೆ.

ಆದರೆ ಇನ್ನೊಂದು ವಿಷಯ ನಿಧಾನವಾಗಿ ತಲೆಗೆ ಹೊಳೆಯಿತು. ಇದು ನನ್ನ ಕೈ ಆದರೆ, ಅವರು ಬದುಕಿಲ್ಲ. ಹೊಸ ಬೀಗವನ್ನು ತೆಗೆದವರು ಯಾರೂ ಇಲ್ಲ. ಹೋದವರು ಹೋದರು. ಆಗ ಅಳು ಬಂತು ಅಣ್ಣಾ. ಈ ಏಳು ವರ್ಷದಲ್ಲಿ ಬರದ ಅಳು. ಪಕ್ಕದ ಮನೆಯವರು ಬಾಗಿಲು ತಟ್ಟುವಷ್ಟು ಜೋರಾಗಿ ಅತ್ತೆ. ಅತ್ತಾದ ಮೇಲೆ ಹಗುರವಾಯಿತು. ಮುಖ ತೊಳೆದು, ಒಳ್ಳೆ ಸೀರೆ ಉಟ್ಟು, ಔಷಧಿ ಅಂಗಡಿಗೆ ಹೋದೆ.

ಎಲ್ಲವನ್ನೂ ಹೇಳಿದೆ. ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಬೀಗದ ಕೀ ಕೊಡಿ" ಅಂದರು, ಅಷ್ಟೇ. ತಾವೇ ಬಂದು ಬ್ಯಾಟರಿ ಬಿಚ್ಚಿ ಅಂಗಡಿಗೆ ಹೊತ್ತುಕೊಂಡು ಹೋದರು. ಆ ತಂತಿಯನ್ನು ಕಿತ್ತುಹಾಕಲು ಅವರೂ ಮರೆತರು, ನಾನೂ ಮರೆತೆ. ಇರಲಿ, ಬ್ಯಾಟರಿಯೇ ಇಲ್ಲದ ಮೇಲೆ ತಂತಿ ಏನು ಮಾಡೀತು!

ಅವರಿಗೆ ಇನ್ನೂ ಬಾಯಿಬಿಟ್ಟು ಹೂಂ ಎಂದಿಲ್ಲ. ಈ ತಿಂಗಳ ಕೊನೆಯವರೆಗೆ ನನಗೆ ರಾತ್ರಿ ಪಾಳಿ. ಅದು ಮುಗಿದ ಮೇಲೆ ಹೇಳುತ್ತೇನೆ. ಪಾಳಿಯಲ್ಲಿ ನಿದ್ದೆಯಿಲ್ಲ, ಸುತ್ತ ಜನ ಇರುತ್ತಾರೆ. ನನ್ನ ಕೈಯನ್ನು ಎಲ್ಲರೂ ನೋಡುತ್ತಿರುತ್ತಾರೆ.

ನಿನ್ನ ತಂಗಿ

ಮೇ ೨೩

ಪಟಾಕಿಗೆ,

ನಿನ್ನ ಕಾಗದವನ್ನು ಟರ್ಬೈನ್ ಪಕ್ಕ ನಿಂತು ಓದಿದೆ. ಫೋರ್‌ಮನ್ ಬಂದು "ಯಾಕಯ್ಯಾ ಕಣ್ಣೊರೆಸ್ಕೊಳ್ತಿದ್ದೀಯ?" ಅಂತ ಕೇಳಿದ. ಎಣ್ಣೆ ಹಾರಿತು ಎಂದೆ.

ರಜೆಗೆ ಬರೆದುಹಾಕಿದ್ದೇನೆ. ಜೂನ್ ಕೊನೆಗೆ ಕೊಡುತ್ತಾರಂತೆ. ಬಂದು ಅಜ್ಜಿಯ ಹೊಟ್ಟೆಯಲ್ಲಿರುವ ತಂತಿಯನ್ನೆಲ್ಲ ಕಿತ್ತು ಹೊಸದಾಗಿ ಹಾಕುತ್ತೇನೆ. ಅದರಲ್ಲೇ ನಿಮ್ಮಿಬ್ಬರನ್ನೂ ಕೂರಿಸಿಕೊಂಡು ರಿಜಿಸ್ಟರ್ ಆಫೀಸಿಗೆ ನಾನೇ ಓಡಿಸುತ್ತೇನೆ. ಹೊಟ್ಟೆ ತುಂಬ ಊಟ ಮಾಡು.

ಅಣ್ಣ

ಜೂನ್ ೨

ಅಣ್ಣಾ,

ನೀನು ಬಂದು ತಂತಿ ಹಾಕುವ ಕೆಲಸ ಉಳಿದಿಲ್ಲ. ಅಜ್ಜಿ ಹೋದಳು.

ಪಾಳಿಯ ಕೊನೆಯ ದಿನ. ಬೆಳಿಗ್ಗೆ ಆಸ್ಪತ್ರೆಯಿಂದ ಹೊರಗೆ ಬಂದಾಗ ಔಷಧಿ ಅಂಗಡಿಯವರು ಬಾಗಿಲು ತೆಗೆಯುತ್ತಿದ್ದರು. "ಬನ್ನಿ, ಮನೆ ತನಕ ಬರ್ತೀನಿ" ಅಂದರು. ದಾರಿಯಲ್ಲೇ ಹೇಳಿಬಿಡೋಣ ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಗೇಟು ತೆಗೆದು ಹಿತ್ತಲಿಗೆ ಹೋದೆವು. ಶೆಡ್ಡಿನ ಬೀಗ ಹಾಕಿದಂತೆಯೇ ಇತ್ತು. ತಮ್ಮ ಜೇಬಿನಿಂದ ಕೀ ತೆಗೆದು ಅವರೇ ಬೀಗ ತೆಗೆದರು, ನಾನು ಪಕ್ಕದಲ್ಲೇ ನಿಂತಿದ್ದೆ. ಒಳಗೆ ಏನೂ ಇರಲಿಲ್ಲ. ಎಣ್ಣೆ ತೊಟ್ಟಿಕ್ಕಿ ನೆಲ ಕಪ್ಪಾದ ಜಾಗ ಇತ್ತು. ಟಯರು ಬಾಗಿಲ ಕಡೆಗೆ ಉರುಳಿದ ಗುರುತು ಇತ್ತು. ಪೆಟ್ರೋಲಿನ ಹೊಗೆಯ ವಾಸನೆ ಇನ್ನೂ ಇತ್ತು.

ಅವರು ಅಲ್ಲೇ ಕುಕ್ಕರಿಸಿದರು. "ಬ್ಯಾಟರಿ ನನ್ನ ಅಂಗಡೀಲೇ ಇದೆ, ಈಗ ತಾನೇ ನೋಡ್ದೆ" ಅಂದರು. ಎದ್ದು ನಿಂತು "ಪೊಲೀಸರಿಗೆ ಹೇಳೋಣ್ವಾ?" ಅಂದರು.

"ಏನಂತ ಹೇಳ್ತೀರಿ? ಬೀಗ ಹಾಕಿದ ಶೆಡ್ಡಿಂದ ಬ್ಯಾಟರಿ ಇಲ್ಲದ ಕಾರು ಎದ್ದು ಹೋಯ್ತು ಅಂತಾನಾ?"

ಪಕ್ಕದ ಮನೆಯವರನ್ನು ಕೇಳಿದೆವು. ಬೆಳಗಿನ ಜಾವ ನಮ್ಮ ಕಾರಿನ ಸದ್ದು ಕೇಳಿಸಿತಂತೆ. "ನೀವೇ ಡ್ಯೂಟಿಯಿಂದ ಬಂದು ತೆಗೆದ್ರಿ ಅಂದ್ಕೊಂಡ್ವಿ" ಅಂದರು. ಕೆರೆ ರಸ್ತೆಯ ಕಡೆ ತಿರುಗಿತಂತೆ. ಆ ಹೊತ್ತಿಗೆ ನಾನು ವಾರ್ಡಿನಲ್ಲಿ ಹೆರಿಗೆ ಮಾಡಿಸುತ್ತಿದ್ದೆ. ಡಾಕ್ಟರು, ಆಯಾ, ಹುಡುಗಿಯ ತಾಯಿ, ಎಲ್ಲರೂ ನನ್ನ ಕೈ ನೋಡುತ್ತಿದ್ದರು. ಗಂಡು ಮಗು.

ಖಾಲಿ ಶೆಡ್ಡಿನಲ್ಲಿ ನಿಂತಾಗ ಒಂದು ವಿಷಯ ನೆನಪಾಯಿತು. ಅದು ನಿನಗೆ ಗೊತ್ತಿಲ್ಲ, ನಾನೂ ಮರೆತಿದ್ದೆ. ನನ್ನ ಗಂಡನಾದವನು ಅಪ್ಪನ ಅಂಗಡಿಗೆ ಕೆಲಸಕ್ಕೆ ಸೇರಿದಾಗ ನೀನು ಊರಲ್ಲಿರಲಿಲ್ಲ. ಬೆಂಚಿನ ಆ ಬದಿ ಅವನು, ಈ ಬದಿ ನಾನು. ತಂತಿ ಸೇರಿಸುವುದು, ಟೇಪು ಸುತ್ತುವುದು, ಕಡ್ಡಿ ಕಚ್ಚುವುದು, ಎಲ್ಲವನ್ನೂ ಅವನಿಗೆ ಕಲಿಸಿದವಳು ನಾನು. ಬಲಗೈಯವನಾದರೂ ನನ್ನ ಕೈ ನೋಡಿ ನೋಡಿ ಎಡಕ್ಕೇ ಸುತ್ತಲು ಕಲಿತ. ಅದು ನನ್ನ ಕೈ ಅಂದೆಯಲ್ಲ, ನಿಜ. ನನ್ನ ಕೈಯನ್ನು ಅವನು ಜೊತೆಗೇ ತೆಗೆದುಕೊಂಡು ಹೋಗಿದ್ದ.

ಬದುಕಿದ್ದವನು ಬೀಗ ತೆಗೆಯದೆ ಕಾರನ್ನು ಹೊರಗೆ ತರಲಾರ. ಸತ್ತವನಿಗೆ ಕಾರು ಯಾಕೆ ಬೇಕು? ಬೇಕಾದರೆ ನೀನು ಕೂತು ಲೆಕ್ಕ ಹಾಕು, ನೀನು ಅದರಲ್ಲಿ ಜಾಣ. ನಾನು ಹಾಕುವುದಿಲ್ಲ. "ಕೆರೆ ರಸ್ತೆಗೆ ಹೋಗಿ ನೋಡ್ಕೊಂಡು ಬರೋಣ್ವಾ?" ಎಂದು ಇವರು ಕೇಳಿದರು. ಬೇಡ ಎಂದೆ. ಅಲ್ಲೇ, ಆ ಖಾಲಿ ಶೆಡ್ಡಿನಲ್ಲೇ, "ನನಗೆ ಒಪ್ಪಿಗೆ" ಎಂದೂ ಹೇಳಿದೆ. ಪಾಪ, ಅವರಿಗೆ ಸಂತೋಷಪಡಬೇಕೋ ಹೆದರಬೇಕೋ ತಿಳಿಯಲಿಲ್ಲ. ಕೈಯಲ್ಲಿದ್ದ ಬೀಗವನ್ನು ನೋಡುತ್ತ ನಿಂತರು.

ಯಾಕೆ ಒಪ್ಪಿದೆ ಎಂದು ನಿನಗೆ ಮಾತ್ರ ಹೇಳುತ್ತೇನೆ. ಗೇಟಿನಿಂದ ಶೆಡ್ಡಿಗೆ ಹೋಗಲು ಒಂದೇ ದಾರಿ, ಅದು ನನ್ನ ಬಾಗಿಲ ಮುಂದೆಯೇ ಹಾದು ಹೋಗುತ್ತದೆ. ಕಡ್ಡಿ ಸಿಕ್ಕಿಸಲು ಬಂದ, ತಂತಿ ಎಳೆಯಲು ಬಂದ, ಆಗೆಲ್ಲ ನಾನು ಒಳಗೆ ಮಲಗಿದ್ದೆ. ಅವನು ಕಾಣೆಯಾದ ದಿನದಿಂದ ನಾನು ಆ ಬಾಗಿಲಿಗೆ ಒಂದು ರಾತ್ರಿಯೂ ಚಿಲಕ ಹಾಕಿಲ್ಲ ಅಣ್ಣಾ. ಕಳ್ಳರ ಭಯವಿದ್ದರೂ ಹಾಕಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ನನ್ನನ್ನು ಕೂಗಿ ಎಬ್ಬಿಸುವ ಕಷ್ಟವೂ ಆಗಬಾರದು ಎಂದು ಬರೀ ಮುಂದಕ್ಕೆ ಎಳೆದುಕೊಂಡು ಮಲಗುತ್ತಿದ್ದೆ. ಬೆರಳಲ್ಲಿ ತಳ್ಳಿದ್ದರೆ ಸಾಕಿತ್ತು, ತೆರೆದುಕೊಳ್ಳುತ್ತಿತ್ತು.

ನಿನ್ನೆ ರಾತ್ರಿ ಚಿಲಕ ಹಾಕಿದೆ. ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟು ಎಳೆಯಬೇಕಾಯಿತು. ನೀನು ಜೂನ್ ಕೊನೆಗೆ ಬಂದಾಗ ಹೊರಗಿನಿಂದ ಕೂಗು, ನಾನು ಎದ್ದು ಬಂದು ತೆಗೆಯುತ್ತೇನೆ.

ನಿನ್ನ ತಂಗಿ